ಹೆಗಲ ಮೇಲೊಂದು ತಟ್ಟು

ಯಾರಾದರೂ ಹೆಗಲು ತಟ್ಟದೆ ನನ್ನ ಸ್ಕೂಟರು ಮುಂದಕ್ಕೆ ಹೋಗುವುದಿಲ್ಲ. ಇದು ಗಾಡಿಯ ದೋಷವಲ್ಲ, ಓಡಿಸುವವಳ ರೂಢಿ. ಐವತ್ತು ದಾಟಿದ ಇತಿಹಾಸದ ಟೀಚರೊಬ್ಬಳು ಸೇಡಂನ ಬೀದಿಯಲ್ಲಿ ಇಂಜಿನ್ ಗುರುಗುಟ್ಟಿಸುತ್ತ ಸುಮ್ಮನೆ ಕೂತಿದ್ದರೆ ಅದು ನಾನೇ ಎಂದು ತಿಳಿಯಿರಿ. ಈ ರೂಢಿ ಬಂದದ್ದು ರಾಕೆಟ್ ಲಾಂಚರಿನಿಂದ ಎಂದರೆ ನಗುತ್ತೀರಿ. ನಗಿ, ನಾನೂ ನಕ್ಕವಳೇ.

ನಮ್ಮ ಮನೆಯವರು ಸೈನ್ಯದಲ್ಲಿ ಹವಾಲ್ದಾರರಾಗಿದ್ದವರು. ಲಾಂಚರನ್ನು ಹೆಗಲ ಮೇಲಿಟ್ಟು ಟ್ಯಾಂಕಿಗೆ ಗುರಿ ಹಿಡಿಯುವುದು ಅವರ ಕೆಲಸವಾಗಿತ್ತು. ನಿವೃತ್ತರಾಗಿ ಬರುವಾಗ ತಂದದ್ದು ಒಂದು ಟ್ರಂಕು, ಕೇಳದ ಒಂದು ಕಿವಿ, ಮತ್ತೆ ಹಿಂದೆ ನೋಡುವ ಚಟ. ತೊಗರಿ ಚೀಲ ಎತ್ತುವ ಮೊದಲು, ಕುಕ್ಕರಿನ ಮುಚ್ಚಳ ತೆಗೆಯುವ ಮೊದಲು, ಕಡೆಗೆ ಸೀನುವ ಮೊದಲೂ ಹಿಂದೆ ಯಾರಿದ್ದಾರೆ ಎಂದು ನೋಡುತ್ತಾರೆ. "ನಿಮ್ಮ ಬೆನ್ನ ಹಿಂದ ಯಾವ ದೆವ್ವ ಅದರಿ?" ಎಂದು ಎಷ್ಟೋ ಸಲ ಚೇಷ್ಟೆ ಮಾಡಿದ್ದೇನೆ. ಅವರು ಕೇಳದ ಕಿವಿಯನ್ನು ನನ್ನ ಕಡೆ ತಿರುಗಿಸಿಬಿಡುತ್ತಿದ್ದರು. ಆ ಕಿವಿ ನಮ್ಮ ಸಂಸಾರವನ್ನು ಬಹಳ ಸಲ ಕಾಪಾಡಿದೆ.

ರಾಕೆಟ್ಟಿನ ಪಾಠವನ್ನು ನಾನೂ ಪ್ರತಿ ವರ್ಷ ಮಾಡುತ್ತೇನೆ. ಮೈಸೂರಿನ ಸೈನಿಕರು ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಬಿದಿರಿನ ಗಳ ಕಟ್ಟಿ ಇಂಗ್ಲಿಷರ ಮೇಲೆ ಬಿಟ್ಟದ್ದು, ಸೋತು ಓಡಿದವರೇ ಆಮೇಲೆ ಆ ಕೊಳವೆಗಳನ್ನು ಹೊತ್ತೊಯ್ದು ತಮ್ಮೂರಲ್ಲಿ ಕಲಿತದ್ದು, ಇವೆಲ್ಲ ನನಗೆ ಬಾಯಿಪಾಠ. ಮುಂದೆ ಟ್ಯಾಂಕು ಬಂತು. ಕಾಲಾಳಿನ ಬಂದೂಕಿನ ಗುಂಡು ಅದಕ್ಕೆ ಸೊಳ್ಳೆ ಕಡಿದಂತೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರು ಒಬ್ಬನೇ ಹೊರಬಲ್ಲ ಕೊಳವೆ ಮಾಡಿ, ನಗೆಗಾರನೊಬ್ಬ ಊದುತ್ತಿದ್ದ ಪೀಪಿಯ ಹೆಸರನ್ನೇ ಇಟ್ಟು ಬಜೂಕಾ ಎಂದು ಕರೆದರು. ಜರ್ಮನರು ತಮ್ಮದಕ್ಕೆ ಮುಷ್ಟಿಯ ಹೆಸರಿಟ್ಟರು, ರಷ್ಯದವರು ತಮ್ಮದನ್ನು ಲೋಕಕ್ಕೆಲ್ಲ ಹಂಚಿದರು. ನೋಡಲು ಎಲ್ಲವೂ ನಮ್ಮ ಒಲೆಯ ಊದುಗೊಳವೆಯೇ, ಎರಡೂ ಕಡೆ ಬಾಯಿ. ನನ್ನ ಪಾಠ ಮಾತ್ರ ಯಾವಾಗಲೂ ಮುಂದಿನ ಬಾಯಿಯ ಕಡೆಗಿರುತ್ತಿತ್ತು.

ಹಿಂದಿನ ಬಾಯಿಯ ಸುದ್ದಿ ಹೇಳಿದವರು ವಾಡಿಯ ಖಾಜಾಸಾಬರು, ಸೈನ್ಯದಲ್ಲಿ ಇವರ ಜೋಡಿ. ರೈಲಿನಲ್ಲಿ ಬಂದು ನಮ್ಮಲ್ಲಿ ಚಹಾ ಕುಡಿಯುವಾಗ ಒಮ್ಮೆ ನನ್ನ ಚೇಷ್ಟೆ ಕೇಳಿ ಬಟ್ಟಲು ಕೆಳಗಿಟ್ಟರು.

"ಭಾಬೀ, ನಗಬ್ಯಾಡ್ರಿ. ರಾಕೆಟ್ ಮುಂದ ಹೋತಂದ್ರ ಬೆಂಕಿ ಹಿಂದ ಬರ್ತದ. ಹಿಂದ ನಿಂತಾವ ಉಳಿಯಂಗಿಲ್ಲ. ಇವ ನಂಬರ್ ಏಕ್, ನಾ ನಂಬರ್ ದೋ. ರಾಕೆಟ್ ತುಂಬಿ, ಹಿಂದ ಯಾರೂ ಇಲ್ಲಂತ ನೋಡಿ, ಹೆಗಲ ಮ್ಯಾಲ ಬಡೀಬೇಕು. ನಾ ಬಡೀಲಾರದ ಇವ ಒಮ್ಮಿನೂ ಘೋಡಾ, ಅಂದ್ರ ಟ್ರಿಗರ್, ಒತ್ತಿಲ್ಲ ನೋಡ್ರಿ."

ಎದುರಿಗೆ ಟ್ಯಾಂಕು ಬರುತ್ತಿರುವಾಗ ಒಬ್ಬ ತಿರುಗಿ ನೋಡುತ್ತಾನೆ, ಇನ್ನೊಬ್ಬ ಆ ತಟ್ಟಿಗಾಗಿ ಕಾಯುತ್ತಾನೆ. ನನ್ನ ಪಠ್ಯಪುಸ್ತಕದಲ್ಲಿ ಹಾಗೆ ತಿರುಗಿ ನೋಡುವವನಿಗೆ ಒಂದು ಸಾಲೂ ಇಲ್ಲ. ಅಂದಿನಿಂದ ಚೇಷ್ಟೆ ಬಿಟ್ಟೆ.

ಆಮೇಲೆ ನನಗೇ ಟ್ಯಾಂಕು ಎದುರಾಯಿತು. ಸಿಮೆಂಟ್ ಕಾರ್ಖಾನೆಯ ಆದಿತ್ಯನಗರದ ಆಚೆಯ ಹಳ್ಳಿ ಶಾಲೆಗೆ ವರ್ಗವಾಯಿತು. ಅಲ್ಲಿಗೆ ಬಸ್ಸು ಬರುವುದು ಬಸ್ಸಿಗೆ ಮನಸ್ಸಾದಾಗ. ಸ್ಕೂಟರ್ ಕಲಿಯಬೇಕು, ಇಲ್ಲವೇ ಕೆಲಸ ಬಿಡಬೇಕು. ರಸ್ತೆ ತುಂಬ ಸಿಮೆಂಟಿನ ಲಾರಿಗಳು, ಒಂದೊಂದೂ ನಮ್ಮ ಮನೆಗಿಂತ ದೊಡ್ಡದು. "ಸಾಕ್ರಿ, ರಾಜೀನಾಮೆ ಕೊಡ್ತೀನಿ" ಎಂದೆ. ಮಕ್ಕಳ ಮುಂದೆ ನಿಂತು ಮಾತಾಡುವುದು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ರಾಜೀನಾಮೆಯ ಮಾತನ್ನು ಮಾತ್ರ ಅವರ ಎರಡೂ ಕಿವಿ ಕೇಳಿಸಿಕೊಂಡವೆಂದು ಕಾಣುತ್ತದೆ.

"ನೀ ನಂಬರ್ ಏಕ್, ನಾ ನಂಬರ್ ದೋ. ಕುಂದ್ರು," ಎಂದು ಹಿಂದಿನ ಸೀಟಿನಲ್ಲಿ ಕೂತೇಬಿಟ್ಟರು.

ಲಾರಿಯ ಹಾರ್ನ್ ಅವರ ಆ ಒಂದು ಕಿವಿಗೆ ಕೇಳುವುದಿಲ್ಲ. ಹಾಗಾಗಿ ಇಡೀ ಮೈ ತಿರುಗಿಸಿ ನೋಡುತ್ತಿದ್ದರು. ಗಾಡಿ ಹಾವಿನಂತೆ ಹೊರಳುತ್ತಿತ್ತು. ದಾರಿ ಸಾಫಾದಾಗ ಹೆಗಲ ಮೇಲೆ ಒಂದು ತಟ್ಟು, ಆಗ ನಾನು ಹೊರಡುವುದು. ದಿನಾ ನನ್ನನ್ನು ಶಾಲೆಗೆ ಮುಟ್ಟಿಸಿ, ಶಾಲೆ ಬಿಡುವ ಗಂಟೆ ಹೊಡೆಯುವತನಕ ಬೇವಿನ ನೆರಳಲ್ಲಿ ಕೂತಿರುತ್ತಿದ್ದರು.

ಒಂದು ಶನಿವಾರ ಬೇಕೆಂದೇ ಬರಲಿಲ್ಲ. ಮನೆಯ ಬಾಗಿಲಲ್ಲೇ ಹೆಗಲು ತಟ್ಟಿ ಕಳಿಸಿದರು. ಹೇಗೋ ದೇವರ ಹೆಸರು ಹೇಳಿಕೊಂಡು ಶಾಲೆ ಮುಟ್ಟಿದೆ. ಶಾಲೆ ಬಿಟ್ಟಾಗ ಗೇಟಿನಲ್ಲಿ ಗಾಡಿ ಚಾಲೂ ಮಾಡಿ ಕೂತೆ. ರಸ್ತೆ ಖಾಲಿಯಿತ್ತು, ಕೈ ಮಾತ್ರ ಏಳಲಿಲ್ಲ. ಬಿಸಿಯೂಟದ ಶಾಂತಮ್ಮ ಸೌಟು ಬಿಟ್ಟು ಓಡಿಬಂದಳು.

"ಯಾಕ್ರಿ ಟೀಚರ್, ಗಾಡಿ ಕೆಟ್ಟದೇನ್ರಿ? ನೂಕ್ಲೇನು?"

"ಗಾಡಿ ಛಲೋ ಅದವ್ವ. ಹಿಂದ ಲಾರಿ ಇಲ್ಲಂತ ನೋಡಿ ಹೆಗಲಿಗೊಂದು ಬಡಿ."

ಅವಳು ಏಕೆ ಎಂದು ಕೇಳಲಿಲ್ಲ. ರಸ್ತೆಗಿಳಿದು, ಹಣೆಗೆ ಕೈ ಅಡ್ಡ ಹಿಡಿದು, ಎರಡೂ ಕಡೆ ಕಣ್ಣಿಟ್ಟು ನೋಡಿದಳು. ಆಮೇಲೆ ಬೇಳೆಯ ಕೈಯಿಂದಲೇ ತಟ್ಟಿ, "ಯಾರೂ ಇಲ್ರಿ, ನಾ ನೋಡ್ಲಿಕತ್ತೀನಿ, ನೀವು ಆರಾಮ ಹೋಗ್ರಿ," ಎಂದಳು. ಹೋದೆ. ದಾರಿಯುದ್ದಕ್ಕೂ ಕಣ್ಣು ಒದ್ದೆಯಾಗುತ್ತಿತ್ತು. ನೋಡದೆ ಒಮ್ಮೆಯೂ ತಟ್ಟದ ಖಾಜಾಸಾಬರನ್ನು, ತಟ್ಟದೆ ಒಮ್ಮೆಯೂ ಒತ್ತದ ಇವರನ್ನು ನೆನೆದು ಮನಸ್ಸಿನಲ್ಲೇ ಕೈಮುಗಿದೆ.

ಇವರು ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖ ನೋಡಲಿಲ್ಲ, ಹಿಂದೆ ಬಂದು ಹೆಗಲು ನೋಡಿದರು. ಬಿಳಿ ಸೀರೆಯ ಮೇಲೆ ಅರಿಶಿನದ ಐದು ಬೆರಳು.

"ನಂಬರ್ ದೋ ಸಿಕ್ಕಳಲ್ಲ," ಎಂದು ನಕ್ಕರು.

ಆ ಕಲೆ ಇನ್ನೂ ಹೋಗಿಲ್ಲ. ನಾನೂ ಭಾಳ ತಿಕ್ಕಲಿಲ್ಲ.