ತಮ್ಮನ ಜೋಡಿಯಾಗಿ ಆಡಿದ ಒಂದು ವರ್ಷ

ಅರವತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಮೊದಲ ಸಲ ಒಂದು ಆಟ ಕಲಿತೆ. ಅರಸೀಕೆರೆಯ ಅಂಚೆ ಕಚೇರಿಯಲ್ಲಿ ಕೂತೇ ಆಯುಸ್ಸು ಕಳೆದವನು ನಾನು. ನಿವೃತ್ತಿಯಾದ ಮೇಲೆ ಸಂಜೆ ಸ್ಟೇಷನ್ನಿನ ತನಕ ನಡೆದು ಬರುವುದಷ್ಟೇ ನನ್ನ ವ್ಯಾಯಾಮ. ಆಟಕ್ಕೆ ಎಳೆದವನು ನನ್ನ ತಮ್ಮ. ನನಗಿಂತ ಮೂರು ವರ್ಷ ಚಿಕ್ಕವನು, ನಮ್ಮ ಹುಟ್ಟೂರು ಬೇಲೂರಿನಲ್ಲೇ ಹೈಸ್ಕೂಲಿನ ಗುಮಾಸ್ತನಾಗಿ ನಿವೃತ್ತಿಯಾದವನು.

ಹಳೇಬೀಡಿನ ಒಂದು ಕಲ್ಯಾಣ ಮಂಟಪದ ಮುಂದೆ ರಿಸೆಪ್ಷನ್ನಿಗೆಂದು ಬೆಳೆಸಿದ ಹುಲ್ಲುಹಾಸಿದೆ. ಮದುವೆಯಿಲ್ಲದ ದಿನ ಅದು ಖಾಲಿ ಬಿದ್ದಿರುವುದನ್ನು ನೋಡಿ, ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು ಮಾಲೀಕರನ್ನು ಒಪ್ಪಿಸಿ, ಎಲ್ಲಿಂದಲೋ ಲಾನ್ ಬೌಲ್ಸ್ ಆಟದ ಹಳೆಯ ಚೆಂಡುಗಳನ್ನು ತರಿಸಿ, ವಯಸ್ಸಾದವರಿಗೆ ಕಲಿಸಲು ಶುರು ಮಾಡಿದ್ದರು. ಮೊದಲು ಒಂದು ಚಿಕ್ಕ ಬಿಳಿ ಚೆಂಡನ್ನು ದೂರಕ್ಕೆ ಉರುಳಿಸಬೇಕು. ಆಮೇಲೆ ಇಬ್ಬಿಬ್ಬರ ಜೋಡಿಗಳು ಸರದಿಯಂತೆ ಕರಿಯ ದೊಡ್ಡ ಚೆಂಡುಗಳನ್ನು ಉರುಳಿಸಿ ಅದರ ಹತ್ತಿರ ನಿಲ್ಲಿಸಬೇಕು. ಓಡುವಂತಿಲ್ಲ, ಹಾರುವಂತಿಲ್ಲ, ಸೊಂಟ ಬಗ್ಗಿದರೆ ಸಾಕು.

ನಾವಿಬ್ಬರೂ ಒಂದು ಜೋಡಿಯಾದೆವು. ಮೊದಲ ದಿನ ನನ್ನ ಚೆಂಡು ಕ್ರೋಟನ್ ಗಿಡದ ಬುಡಕ್ಕೆ ಹೋಗಿ ನಿಂತಿತು. "ಇದು ನೆಟ್ಟಗೆ ಹೋಗಾಕಿಲ್ಲ ಸಾರ್, ಒಂದ್ ಕಡೆ ತೂಕ ಜಾಸ್ತಿ ಐತೆ. ಆ ಕಡೀಕ್ ಬಿಡಿ, ತಾನೇ ಈ ಕಡೀಕ್ ತಿರುಗ್ತದೆ" ಎಂದರು ಮೇಷ್ಟ್ರು. ನನಗೆ ಅದು ಕೈಗೆ ಹತ್ತಲು ಎರಡು ತಿಂಗಳು ಬೇಕಾಯಿತು. ತಮ್ಮನಿಗೆ ಎರಡನೇ ದಿನವೇ ಹತ್ತಿತು. ಹಿಂದಿನ ದಿನದ ಮದುವೆಯಲ್ಲಿ ಕುರ್ಚಿಯ ಕಾಲುಗಳು ಹುಲ್ಲಿನಲ್ಲಿ ಮಾಡಿದ್ದ ಗುಳಿಗಳನ್ನು ಕೂಡ ಲೆಕ್ಕ ಹಾಕಿ ಚೆಂಡು ಬಿಡುತ್ತಿದ್ದ. ತನ್ನ ಚೆಂಡು ಬಿಳಿ ಚೆಂಡಿಗೆ ತಾಗಿ ನಿಂತರೆ, ಹಲ್ಲು ಕಟ್ಟಿಸಿಕೊಂಡ ಬಾಯಿ ತುಂಬ ನಗುತ್ತಿದ್ದ. ಎಲ್ಲರೂ ಅವನನ್ನು ಹೊಗಳುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಅದಕ್ಕೆ ಕಾರಣವಿತ್ತು.

ನಮ್ಮ ತಂದೆ ಬೇಲೂರಿನ ಗುಡಿಯಲ್ಲಿ ಸೇವೆಗಿದ್ದವರು. ಹೈಸ್ಕೂಲಿನಲ್ಲಿ ನನ್ನ ತಮ್ಮ ವಾಲಿಬಾಲ್ ಆಡುತ್ತಿದ್ದ. ಹಾಸನದಲ್ಲಿ ಪಂದ್ಯವೆಂದು ಅವನ ಹೆಸರನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಓದಿದರು. ಕಂಡಕಂಡಲ್ಲಿ ಉಂಡು ಮಲಗುವುದು ನಮ್ಮ ಮನೆಗೆ ಹೇಳಿದ್ದಲ್ಲವೆಂದು ತಂದೆ ಕಳಿಸಲಿಲ್ಲ. ಸೋದರತ್ತೆಯ ಮನೆಗೆ ಹೋಗುತ್ತೇನೆಂದು ಸುಳ್ಳು ಹೇಳಿ ಅವನು ಬಸ್ಸು ಹತ್ತುವುದೆಂದಾಯಿತು. ಆ ವಿಷಯ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ: ಅವನ ಜೊತೆ ಓದುತ್ತಿದ್ದ ಪ್ರಾಣಸ್ನೇಹಿತ, ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಜೈನರ ಹುಡುಗನಿಗೆ ಮತ್ತು ನನಗೆ. ಆ ವರ್ಷ ನಾನು ಪಿ.ಯು.ಸಿ. ಫೇಲಾಗಿದ್ದೆ. ಬೀದಿಯಲ್ಲಿ ಎಲ್ಲರೂ ತಮ್ಮನನ್ನು ಮಾತನಾಡಿಸಿ ನನ್ನನ್ನು ದಾಟಿಹೋಗುತ್ತಿದ್ದರು. ತಂದೆ ಬಸ್ ಸ್ಟ್ಯಾಂಡಿಗೆ ಹೋಗಿ, ಇಡೀ ತಂಡದ ಎದುರು ಅವನನ್ನು ಕೈ ಹಿಡಿದು ಬಸ್ಸಿನಿಂದ ಇಳಿಸಿಕೊಂಡು ಬಂದರು. ಆಮೇಲೆ ಅವನು ಚೆಂಡು ಮುಟ್ಟಲಿಲ್ಲ. ತಂದೆಗೆ ಹೇಳಿದವನು ಆ ಸ್ನೇಹಿತನೇ ಎಂದು ತೀರ್ಮಾನಿಸಿ, ಅವನೊಡನೆ ಮಾತು ಬಿಟ್ಟ. ನಾನು ಬಾಯಿ ಬಿಡಲಿಲ್ಲ.

ಆ ಸ್ನೇಹಿತ ದೊಡ್ಡವನಾಗಿ ಹಳೇಬೀಡಿನಲ್ಲಿ ಬಟ್ಟೆ ಅಂಗಡಿ ಇಟ್ಟ. ಆಟಕ್ಕೆ ಹೋಗುವಾಗ ನಾವಿಬ್ಬರೂ ಬಸ್ಸಿಳಿದು ಆ ಅಂಗಡಿಯ ಮುಂದೆಯೇ ಹಾಯಬೇಕು. ತಮ್ಮ ಪ್ರತಿ ಸಲವೂ ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದ. ಒಂದು ಶುಕ್ರವಾರ ಅಂಗಡಿಯ ಬಾಗಿಲು ಹಾಕಿತ್ತು. ಮುಂದೆ ಜನ ಸೇರಿದ್ದರು. ಹೃದಯಾಘಾತವಾಗಿ ಹೋಗಿದ್ದಾನೆಂದು ಯಾರೋ ಹೇಳಿದರು. ತಮ್ಮ ನಿಲ್ಲಲಿಲ್ಲ. ಅಂದು ಅವನು ತುಂಬ ಚೆನ್ನಾಗಿ ಆಡಿದ.

ಅದಾಗಿ ನಾಲ್ಕು ತಿಂಗಳಿಗೆ, ಆಟ ಮುಗಿಸಿ ಮಂಟಪದ ಮೆಟ್ಟಿಲ ಮೇಲೆ ಕೂತಿದ್ದೆವು. ಅಂದು ನಾವು ಗೆದ್ದಿದ್ದೆವು. ಅವನು ನಗುತ್ತಲೇ, ಆವತ್ತು ಆ ಪುಣ್ಯಾತ್ಮ ಹೇಳದೇ ಇದ್ದಿದ್ದರೆ ತಾನು ರಾಜ್ಯದ ತಂಡಕ್ಕೇ ಆಡುತ್ತಿದ್ದೆನೇನೋ ಎಂದ.

"ಹೇಳಿದ್ದು ಅವನಲ್ಲ ಕಣೋ, ನಾನು" ಎಂದೆ.

ಅವನು ಶೂ ಬಿಚ್ಚುತ್ತಿದ್ದವನು ಹಾಗೇ ಕೂತ. "ಅಪ್ಪ ಕೇಳಿದ್ರಾ, ನೀನಾಗೇ ಹೋಗಿ ಹೇಳಿದ್ಯಾ?" ಎಂದು ಕೇಳಿದ.

"ನಾನಾಗೇ."

"ಅವನು ಹೋದ ದಿನ ಅಂಗಡಿ ಮುಂದೆ ಅಷ್ಟು ಜನ ಸೇರಿದ್ರು. ನಾನು ಆ ಕಡೆಯಿಂದ ಹಾದು ಬಂದು ಆಟ ಆಡ್ದೆ. ನೀನು ನನ್ನ ಪಕ್ಕದಲ್ಲೇ ಇದ್ಯಲ್ಲೋ ಅಣ್ಣ."

ಎದೆಯ ಭಾರ ಇಳಿಸಿಕೊಳ್ಳಲು ಹೇಳಿದ್ದೆ; ಇಳಿಸಿದ್ದು ಅವನ ಎದೆಯ ಮೇಲೆ ಎಂದು ಆಗ ತಿಳಿಯಿತು.

ಮುಂದಿನ ಮಂಗಳವಾರ ಅವನು ಬರಲಿಲ್ಲ, ಶುಕ್ರವಾರವೂ ಬರಲಿಲ್ಲ. ಬೇಲೂರಿಗೆ ಹೋದೆ. ತಮ್ಮನ ಹೆಂಡತಿ ಎಂದಿನಂತೆ ಎಲೆ ಹಾಕಿ ಬಡಿಸಿದಳು. ಅವನು ಅವಳಿಗೆ ಏನೂ ಹೇಳಿರಲಿಲ್ಲ. ಊಟವಾದ ಮೇಲೆ, ಸ್ನೇಹಿತನ ಹೆಂಡತಿ ಬಸ್ತಿಹಳ್ಳಿಯಲ್ಲೇ ಇದ್ದಾರಂತೆ, ಹೋಗಿಬರೋಣ, ನೀನೇ ಹೇಳಬೇಕು ಎಂದ. ಹೋದೆವು. ಬಸದಿಯ ಪಕ್ಕದ ಬೀದಿಯಲ್ಲಿ ಮನೆ. ನಾನು ಎಲ್ಲ ಹೇಳಿ ಕೈ ಮುಗಿದೆ. ಆಕೆ ಬೈಯಲಿಲ್ಲ, ಅಳಲೂ ಇಲ್ಲ.

"ನೀವಿಬ್ಬರು ಅಂಗಡಿ ಮುಂದೆ ಹೋಗೋದನ್ನ ಅವರು ನೋಡ್ತಿದ್ರು" ಎಂದರು. "ನಾನು ಏನು ತಪ್ಪು ಮಾಡ್ದೆ ಅಂತ ಒಂದಿನ ಅಡ್ಡಗಟ್ಟಿ ಕೇಳ್ಬಿಡ್ತೀನಿ ಅನ್ನೋರು. ಕೇಳೋಕೆ ಧೈರ್ಯ ಬರ್ಲಿಲ್ಲ ಅವರಿಗೆ."

ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಲೋಟ ಹಿಡಿದು ಕೂತ ನನ್ನ ತಮ್ಮ ಒಂದು ಗುಟುಕನ್ನೂ ಕುಡಿಯಲಾಗದೆ ಕೆಳಗಿಟ್ಟ.

ಮೂರು ತಿಂಗಳ ಮೇಲೆ ಅವನು ಆಟಕ್ಕೆ ಮರಳಿದ. ಆದರೆ ಮೇಷ್ಟ್ರ ಬಳಿ ಹೋಗಿ, ಹಗರೆಯಿಂದ ಬರುತ್ತಿದ್ದ ಒಬ್ಬ ನಿವೃತ್ತ ಡ್ರೈವರ್ ಜೊತೆ ತನ್ನ ಹೆಸರು ಬರೆಸಿದ. ಮೇಷ್ಟ್ರು ನನ್ನ ಮುಖ ನೋಡಿ, ಬರೆದುಕೊಂಡರು. ಹಬ್ಬಹುಣ್ಣಿಮೆಗೆ ನಮ್ಮ ಓಡಾಟ ನಿಂತಿಲ್ಲ, ತಂದೆಯ ತಿಥಿಯನ್ನೂ ಜೊತೆಯಲ್ಲೇ ಮಾಡಿದೆವು. ಒಂದು ಸಂಜೆ ನನಗೆ ತಡೆಯಲಾಗದೆ, ಇನ್ನೂ ಕೋಪವೇ ಎಂದು ಕೇಳಿದೆ.

"ಕೋಪ ಏನಿಲ್ಲ ಕಣೋ. ಆ ವಯಸ್ಸಲ್ಲಿ ಮಾಡಿದ್ದು, ಬಿಡು. ಅವನು ಬದುಕಿದ್ದಾಗಲೇ ಒಂದು ಮಾತು ಹೇಳ್ಬಹುದಿತ್ತಲ್ಲ ನೀನು. ನಿನ್ನ ಜೊತೆ ನಿಂತರೆ ಅದೇ ನೆನಪಾಗುತ್ತೆ. ಜೋಡಿಯಾಗಿ ಆಡೋಕೆ ಮನಸ್ಸು ಬರಲ್ಲ, ಅಷ್ಟೆ."

ಸರಿ ಎಂದೆ. ಅವನು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ.

ಈಗಲೂ ವಾರಕ್ಕೆರಡು ದಿನ ಹೋಗುತ್ತೇನೆ. ಯಾರಾದರೂ ಬಾರದಿದ್ದರೆ ಅವರ ಜಾಗದಲ್ಲಿ ಮೇಷ್ಟ್ರು ನನ್ನನ್ನು ನಿಲ್ಲಿಸುತ್ತಾರೆ. ಉಳಿದ ದಿನ ಅಂಚಿನಲ್ಲಿ ಕೂತು, ನನ್ನ ತಮ್ಮ ಸೊಂಟ ಬಗ್ಗಿಸಿ ಚೆಂಡು ಬಿಡುವುದನ್ನು ನೋಡುತ್ತೇನೆ. ಅವನ ಮಂಡಿ ಈಚೆಗೆ ಸೋಲುತ್ತಿದೆ. ಎದ್ದು ಹೋಗಿ ತೋಳು ಹಿಡಿಯೋಣವೆನಿಸುತ್ತದೆ. ಅಷ್ಟರಲ್ಲಿ ಹಗರೆಯ ಡ್ರೈವರ್ ಹಿಡಿದಿರುತ್ತಾರೆ.