ಮಹಾದೇವಿ ತೆರೆದಿದ್ದ ಫೈಲು

ದೆವ್ವದ ಮಾತೆತ್ತಿದವರನ್ನು ಗೇಲಿ ಮಾಡುತ್ತಲೇ ಎಂ.ಎಸ್ಸಿ. ಮುಗಿಸಿದವನು ನಾನು. ಆದರೂ ಇದು ನಡೆದದ್ದು... ಶಹಾಪುರದಲ್ಲಿ, ನನ್ನ ಕಣ್ಣೆದುರಿಗೇ. ಆ ಕಣ್ಣನ್ನು ಎಷ್ಟು ನಂಬಬೇಕೋ ಈಗ ಗೊತ್ತಾಗುತ್ತಿಲ್ಲ.

ಶರಣಪ್ಪನದು ಫೋಟೊ ಸ್ಟುಡಿಯೊ. ಹೆಂಡತಿ ಮಹಾದೇವಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವಳ ಫೋನು ಆಸ್ಪತ್ರೆಯಲ್ಲೇ ಕಳೆದಿತ್ತು. ತಂಗಿಯ ಮದುವೆಯಲ್ಲಿ ಸೋಬಾನ ಹಾಡಿದ ಒಂದು ವಿಡಿಯೊ ಬಿಟ್ಟರೆ ಅವಳ ದನಿ ಬೇರೆಲ್ಲೂ ಇರಲಿಲ್ಲ. ಅದಿದ್ದ ಒಳಕೋಣೆಯ ಕಂಪ್ಯೂಟರಿನ ಡಿಸ್ಕು ಕೆಡುತ್ತಿತ್ತು. ಅಂಗಡಿ ಮುಚ್ಚಿದ ಮೇಲೆ, ಫೈಲುಗಳನ್ನೆಲ್ಲ ಮುಂದಿನ ಕೋಣೆಯ ಕಂಪ್ಯೂಟರಿಗೆ ಉಳಿಸಿಕೊಡಲು, ಕಂಪ್ಯೂಟರು ಬಲ್ಲ ನನ್ನನ್ನು ಕರೆಸಿದ.

ಮಹಾದೇವಿ ಕೆಲಸ ಮಾಡುತ್ತಿದ್ದ ಕಂಪ್ಯೂಟರು ಬೇರೆ; ಅದು ಮುಂದಿನ ಕೋಣೆಯ ಮೂಲೆಯಲ್ಲಿತ್ತು. ಮೇಲೆ ಟವೆಲ್ಲು ಹೊದಿಸಿ, ವೈರುಗಳನ್ನೆಲ್ಲ ಕಿತ್ತಿಟ್ಟಿದ್ದರು.

ಮುಂದಿನ ಕೋಣೆಯ ಇನ್ನೊಂದು ಕಂಪ್ಯೂಟರಿನಲ್ಲಿ ಕಮಾಂಡ್ ಬರೆಯುವ ಕಪ್ಪು ಪರದೆ ತೆರೆದು ಕಾಪಿ ಕಮಾಂಡ್ ಕೊಟ್ಟೆ. ಒಳಕೋಣೆಯ ಡಿಸ್ಕಿಗೆ ಇಲ್ಲಿಂದ ಕೊಟ್ಟಿದ್ದ ಹೆಸರು ಝಡ್ ಡ್ರೈವ್; ಅದು ಇಲ್ಲವೆಂದಿತು. ಅಡ್ಮಿನ್ ಆಗಿ ತೆರೆದರೆ ನೆಟ್‌ವರ್ಕ್ ಡ್ರೈವ್ ಕಾಣದಿರುವುದು ಮಾಮೂಲು. ಪೂರ್ತಿ ವಿಳಾಸ ಬರೆದೆ. ಫೈಲುಗಳು ಒಂದೊಂದಾಗಿ ಬಂದವು... ಆ ವಿಡಿಯೊ ಒಂದನ್ನು ಬಿಟ್ಟು.

ಅದನ್ನು ಬೇರೆ ಯಾರೋ ಬಳಸುತ್ತಿದ್ದಾರಂತೆ. ಮೂವತ್ತು ಸೆಕೆಂಡು ಕಾಯಬೇಕಂತೆ. ಕಾದೆವು. ಮತ್ತೆ ಅದೇ ಸಾಲು. ಒಳಗೆ ಡಿಸ್ಕು ಟಕ್... ಟಕ್... ಬಿಸಿ ಧೂಳಿನ ವಾಸನೆ.

“ಇಷ್ಟೆಲ್ಲಾ ಓದೀರಿ, ಒಂದ್ ಫೈಲ್ ಬರವಲ್ದಲ್ರಿ ಸರ,” ಎಂದು ಶರಣಪ್ಪ ನಗಲು ನೋಡಿದ.

ಒಳಕೋಣೆಗೆ ಹೋದೆ. ಯಾರು ಯಾವ ಫೈಲು ತೆರೆದಿದ್ದಾರೆಂದು ತೋರಿಸುವ ಕಮಾಂಡ್ ಕೊಟ್ಟೆ. ಒಂದೇ ಸಾಲು ಬಂತು. ಆ ವಿಡಿಯೊ. ಅದರ ಪಕ್ಕ ಬಳಸುತ್ತಿರುವವರ ಹೆಸರು... ಮಹಾದೇವಿ.

ಅವಳಿದ್ದಾಗಿನ ಹಳೆಯ ದಾಖಲೆಯೇನೋ ಉಳಿದಿರಬೇಕು ಅಂದುಕೊಂಡೆ. ಆದರೆ ಅರ್ಧ ಗಂಟೆ ಹಿಂದಷ್ಟೇ ಕರೆಂಟು ಹೋಗಿ ಆ ಯಂತ್ರ ಹೊಸದಾಗಿ ಶುರುವಾಗಿತ್ತು. ಉಳಿಯಲು ಏನೂ ಇರಲಿಲ್ಲ. ಆ ಹೆಸರು ಬರುತ್ತಿದ್ದುದು ವೈರು ಕಿತ್ತಿಟ್ಟ ಅವಳ ಕಂಪ್ಯೂಟರಿನಿಂದ ಮಾತ್ರ.

ಶರಣಪ್ಪ ನನ್ನ ಹೆಗಲ ಮೇಲಿಂದ ಓದಿದ. ಆ ಹೆಸರಿನ ಮೇಲೆ ಬೆರಳಿಟ್ಟ.

“ತಡೀರಿ ಸರ,” ಎಂದ ಮೆಲ್ಲಗೆ. “ಆಕಿ ಕೇಳಾಕತ್ತಾಳ. ಕೇಳಿ ಮುಗಸ್ಲಿ.”

ಡಿಸ್ಕಿನ ಸದ್ದು ಜೋರಾಗುತ್ತಿತ್ತು. ನಾನು ತಡೆಯಲಿಲ್ಲ. ಆ ಫೈಲನ್ನು ಬಲವಂತವಾಗಿ ಮುಚ್ಚುವ ಕಮಾಂಡ್ ಒತ್ತಿಬಿಟ್ಟೆ.

ಮುಂದಿನ ಕೋಣೆಯಲ್ಲಿ ಕಾಪಿ ತಾನಾಗಿ ಶುರುವಾಗಿ ನೂರಕ್ಕೆ ಮುಟ್ಟಿತು. ಆಮೇಲೆ ಡಿಸ್ಕು ನಿಂತಿತು. ಮತ್ತೆಂದೂ ತಿರುಗಲಿಲ್ಲ.

ವಿಡಿಯೊ ಹಾಕಿದೆವು. ಹಂದರದ ಕೆಳಗೆ ಪಾತ್ರೆಗಳ ಸದ್ದು, ಹೆಂಗಸರ ನಗು, ಎಲ್ಲ ಕೇಳುತ್ತಿತ್ತು. ಮಹಾದೇವಿಯ ತುಟಿಗಳು ಆಡುತ್ತಿದ್ದವು. ಅವಳ ದನಿ ಮಾತ್ರ ಇರಲಿಲ್ಲ.

“ಇವತ್ತ ಮುಂಜಾನಿ ಇದರಾಗ ಆಕಿ ದನಿ ಕೇಳೀನ್ರಿ ನಾ,” ಎಂದ ಶರಣಪ್ಪ.

ಫೈಲು ಮೊದಲೇ ಕೆಟ್ಟಿದ್ದಿರಬಹುದು. ನಾನು ಹೆಸರನ್ನು ತಪ್ಪಾಗಿ ಓದಿರಬಹುದು. ಆ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಲಿಲ್ಲ. ಆದರೆ ಅಷ್ಟು ಸದ್ದುಗಳ ನಡುವೆ ಒಬ್ಬಳ ದನಿಯಷ್ಟೇ ಕೆಡುವುದು ಹೇಗೆ, ನನಗೆ ತಿಳಿಯದು.

ಶರಣಪ್ಪ ನನ್ನನ್ನು ಬೈದಿಲ್ಲ. ಸಿಕ್ಕಾಗಲೆಲ್ಲ ಒಂದೇ ಕೇಳುತ್ತಾನೆ:

“ನೀವು ಬಂದ್ ಮಾಡೂದ್ರಾಗ, ಹಾಡು ಮುಗದಿತ್ತೇನ್ರಿ ಸರ?”