ಜಪಾನಿ ಬಿಲ್ಲೆಗೆ ಹುಣಸೆಹಣ್ಣು

ಹುಣಸೆಹಣ್ಣು ನೆನೆಹಾಕಿದ ವಾಸನೆಗೆ ನಿಮ್ಮ ಬಾಯಲ್ಲಿ ನೀರೂರಬಹುದು. ನನಗೆ ಹೆದರಿಕೆಯಾಗುತ್ತದೆ. ಇವತ್ತು ಆಯುಧಪೂಜೆ, ಅವ್ವ ಹಿತ್ತಲಲ್ಲಿ ಕುಡಗೋಲು ತಿಕ್ಕುತ್ತಿದ್ದಾಳೆ.

ಮಾಸೂರಿನ ನಮ್ಮ ಮನೆಯಲ್ಲೊಂದು ಕಬ್ಬಿಣದ ಬಿಲ್ಲೆಯಿದೆ. ಅಂಗೈಯಗಲ, ನಡುವೆ ಅಲಗು ತೂರುವಷ್ಟು ಗಂಡಿ. ಜಪಾನಿ ಕತ್ತಿಯ ಹಿಡಿಗೂ ಅಲಗಿಗೂ ನಡುವೆ, ಕೈ ಜಾರದಂತೆ ಕೂರುವ ತಡೆ ಅದು, ಅಜ್ಜ ಬರ್ಮಾ ಲಡಾಯಿಯಿಂದ ತಂದದ್ದು ಎಂದು ಕಾಕಾ ಹೇಳುತ್ತಿದ್ದ. ಊರವರು, "ಹೌದಪಾ, ಸವಣೂರ ಸಂತ್ಯಾಗ ಸಿಗತಾವ, ಪಂಪ್‌ಸೆಟ್ಟಿನ ವಾಷರ್" ಎನ್ನುತ್ತಿದ್ದರು. ಮಂದಿಯ ದನಿ ತೆಗೆದು ಅಣಕಿಸುವುದೊಂದೇ ನನಗೆ ಬರುವ ವಿದ್ಯೆ. ಕಾಕಾನ ಹಾಗೆ ಗಂಟಲು ಸರಿಮಾಡಿಕೊಂಡು "ನಮ್ಮಪ್ಪ, ಬರ್ಮಾದಾಗ..." ಎಂದರೆ ಚಹಾದಂಗಡಿಯೆಲ್ಲ ನಗುತ್ತಿತ್ತು. ಕಾಕಾ ನಗುತ್ತಿರಲಿಲ್ಲ. ಸತ್ತ ಅಪ್ಪ ಸುಳ್ಳುಗಾರನಾಗುತ್ತಿದ್ದನಲ್ಲ!

ಕೊನೆಗೆ ಹೋದ ವರ್ಷ ಅದರ ಫೋಟೋ ಪುಣೆಗೆ ಹೋಯಿತು. ಇಂಥವನ್ನು ಗುರುತಿಸುವ, ಧಾರವಾಡ ಮೂಲದ ಮೇಡಂ ಒಬ್ಬರು ಫೋನಿನಲ್ಲಿ ಹೇಳಿದರು: "ಗಂಡಿ ಬಾಜೂಕ ಮಾಡಿದವ್ರ ಹೆಸರು ಕೊರದಿರತಾರ, ಹುಡುಕೋಣು. ತುಕ್ಕು ಮಾತ್ರ ಮುಟ್ಟಬ್ಯಾಡ್ರಿ. ಆ ಕಪ್ಪು ನೋಡೇ ವಯಸ್ಸು ಹೇಳೂದು. ನಾಳೆ ವಿಡಿಯೋದಾಗ ತೋರಸ್ರಿ."

ಆ ನಾಳೆಯೇ ಆಯುಧಪೂಜೆ. ನಾನು, ಕಾಕಾ ಹಿರೇಕೆರೂರಿನಿಂದ ಚೆಂಡುಹೂವು ತರುವಷ್ಟರಲ್ಲಿ, ಕೊಡಲಿ ಕುಡಗೋಲುಗಳ ಸಾಲಿನಲ್ಲಿ ಬಿಲ್ಲೆಯೂ ವಿಭೂತಿ ಹಚ್ಚಿಕೊಂಡು ಕೂತಿತ್ತು. ಬೆಳ್ಳಗೆ.

"ಅದೂ ಕಬ್ಬಿಣ ಅಲ್ಲೇನು? ಹುಣಸಿಹಣ್ಣು ಹಚ್ಚಿ ತಿಕ್ಕೇನಿ. ಹೆಂಗ ಫಳಫಳ ಅಂತೈತಿ ನೋಡ!" ಎಂದಳು ಅವ್ವ.

ನಾನು ವಿಷಯ ಹೇಳಿದೆ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಬಾಗಿಲ ಹಿಂದೆ ಸರಿದಳು.

ನಾನು ವಿಡಿಯೋ ಹಚ್ಚಿ ಬಿಲ್ಲೆ ತೋರಿಸಿದೆ. ಮೇಡಂ ಕೇಳಿದರು, "ಅಯ್ಯ, ಯಾರ್ರೀ ತಿಕ್ಕಿದವ್ರು?"

ಕಾಕಾ ಗಂಟಲು ಸರಿಮಾಡಿಕೊಂಡ. "ನಾನ ತಿಕ್ಕೀನ್ರಿ."

"ಗಂಡಿ ಒಳಗ ತೋರಸ್ರಿ." ಅವ್ವನ ಬೆರಳು ಹೋಗದ ಕಡೆ ಕಪ್ಪು ಉಳಿದಿತ್ತು, ಅಂಚಿಗೆ ಉಳಿಯೇಟಿನ ಸಣ್ಣ ತಗ್ಗುಗಳು. "ಅಲಗು ಬಿಗಿ ಕೂಡ್ಲಿ ಅಂತ ಹೊಡದದ್ದು. ಕತ್ತಿಗೆ ಕುಂತ ಬಿಲ್ಲೆ ಖರೆ. ಹಳೇದೂ ಹೌದು, ಎಷ್ಟು ಹಳೇದು ಅಂತ ಇನ್ನ ಹೇಳಾಕಾಗಂಗಿಲ್ಲ. ಹೆಸರೂ ಇಲ್ಲ."

"ಬರ್ಮಾದ್ದೇನ್ರಿ?" ಕಾಕಾ ಕೇಳಿದ.

"ಅದನ್ನ ಕಬ್ಬಿಣ ಹೇಳಂಗಿಲ್ರಿ."

"ವಾಷರ್ ಅಂತೂ ಅಲ್ಲಲ್ರಿ?"

"ಅಲ್ರಿ."

ಕಾಕಾ ರುಮಾಲು ಸರಿಮಾಡಿಕೊಂಡ. ಅಷ್ಟು ಸಾಕಾಯಿತು ಅವನಿಗೆ.

ಇವತ್ತು ಬಿಲ್ಲೆ ಎಲೆಯ ಮೇಲೆ ಬೇರೆಯಾಗಿ ಕೂತಿದೆ; ಕುಂಕುಮ ಎಲೆಗಷ್ಟೇ. ಪಕ್ಕದ ಮನೆಯಾಕೆ ಕೇಳಿದಳು, "ಇದನ್ಯಾಕ ತಿಕ್ಕಿಲ್ಲವಾ?"

"ನಮ್ಮ ಮೈದುನ ಒಮ್ಮೆ ತಿಕ್ಕಿ ಕೆಡಿಸಿಟ್ಟಾನವಾ!" ಅವ್ವ ಕಣ್ಣು ಮಿಟುಕಿಸದೆ ಹೇಳಿದಳು. ಕಾಕಾ ತಲೆಯಾಡಿಸಿದ.

ಈಗಿನ ಹೆದರಿಕೆ ಬಿಲ್ಲೆಯದಲ್ಲ, ನನ್ನ ಬಾಯಿಯದು: ಚಹಾದಂಗಡಿಯಲ್ಲಿ ಕಾಕಾನ ದನಿ ತೆಗೆದು "ನಾನ ತಿಕ್ಕೀನ್ರಿ" ಎಂದು ಅಣಕಿಸಿ, ನಿಜ ಹೊರಹಾಕಿಬಿಟ್ಟರೆ?